ಗೇಟು ಬಿಟ್ಟು ಓಡಿದ ಚಿಕ್ಕಪ್ಪ

ಕೂದಲು ಕಪ್ಪಗಿದ್ದಾಗ ಕೆಲಸಕ್ಕೆ ಸೇರಿ, ಬೆಳ್ಳಗಾಗುವವರೆಗೆ ಅಣೆಕಟ್ಟಿನ ಗೇಟು ಎತ್ತಿ ಇಳಿಸಿದ ಮನುಷ್ಯನ ಮೇಲೆ ‘ಕರ್ತವ್ಯಲೋಪ’ ಎಂದು ಬರೆದು ವಿಚಾರಣೆಗೆ ನಿಲ್ಲಿಸಿದರಲ್ಲ, ಬರೆಯಲು ಅವರಿಗೆ ಕೈಯಾದರೂ ಹೇಗೆ ಬಂತೋ! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಆ ಮನುಷ್ಯ ನಮ್ಮ ಚಿಕ್ಕಪ್ಪ.

ಚಿಕ್ಕಪ್ಪ ಸಾಧು ಸ್ವಭಾವದವರೇನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಗೇಟಿನ ಮೋಟಾರಿನ ಗದ್ದಲದಲ್ಲಿ ಕಿರುಚಿ ಕಿರುಚಿ ಅಭ್ಯಾಸವಾಗಿ, ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಅಂಥ ಗಂಟಲು. ಮೀಸೆಗೆ ಬಣ್ಣ ಹಚ್ಚುತ್ತಾರೆ. ಯಾರಾದರೂ ಆ ಮಾತೆತ್ತಿದರೆ ವಾರಗಟ್ಟಲೆ ಮುಖ ಊದಿಸಿಕೊಂಡಿರುತ್ತಾರೆ. ಅವರನ್ನು ಹದ್ದುಬಸ್ತಿನಲ್ಲಿ ಇಟ್ಟವಳು ಚಿಕ್ಕಮ್ಮ ಒಬ್ಬಳೇ. ಅಣೆಕಟ್ಟಿನ ಕೆಳಗೆ ಹೊಳೆಯ ಬಂಡೆಗಳ ಮೇಲೆ ಆಸ್ಪತ್ರೆಯ ಹಾಸು ಹೊದಿಕೆಗಳನ್ನು ಒಗೆಯುವುದು ಅವಳ ಕೆಲಸ. ನಮ್ಮ ಬೀದಿಯ ಅರ್ಧ ಹೆಂಗಸರು ಅವಳ ಜೊತೆ ಅಲ್ಲೇ ಒಗೆಯುತ್ತಾರೆ.

ನೀರು ಬಿಡುವ ಮುಂಚೆ ಸೈರನ್ ಕೂಗಿಸಬೇಕು, ಹೊಳೆಯಲ್ಲಿದ್ದವರು ಅದನ್ನು ಕೇಳಿ ದಡ ಹತ್ತಬೇಕು. ಸೈರನ್ ಇರುವುದು ಅಷ್ಟಕ್ಕೇ. ಆದರೆ ನಮ್ಮ ದೊಡ್ಡ ಸಾಹೇಬರು, ಅಂದರೆ ಅಣೆಕಟ್ಟಿನ ಮುಖ್ಯ ಎಂಜಿನಿಯರು, ಹೊಸದೊಂದು ಪದ್ಧತಿ ತಂದರು. ಯಾರಾದರೂ ಗಣ್ಯರ ಕಾರು ಬೆಟ್ಟ ಹತ್ತಿತೆಂದರೆ ಸ್ವಾಗತಕ್ಕೆ ಸೈರನ್! ಕೆಳಗಿದ್ದ ಹೆಂಗಸರು ತಲೆ ಸರಿಮಾಡಿಕೊಂಡು ಕೈ ಬೀಸುವುದು, ಮೇಲೆ ನಿಂತವರು ಫೋಟೋ ತೆಗೆಸಿಕೊಳ್ಳುವುದು. ಬೇಡ ಸಾರ್, ಜನಕ್ಕೆ ಗೊಂದಲವಾಗುತ್ತದೆ ಎಂದು ಚಿಕ್ಕಪ್ಪ ಹೇಳಿ ನೋಡಿದರಂತೆ. ಸಾಹೇಬರು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಗುಂಡಿ ಒತ್ತಿದ್ದು ಚಿಕ್ಕಪ್ಪನ ಬೆರಳೇ. ಮೀಸೆ ತೀಡಿಕೊಂಡು ಫೋಟೋದ ಮೂಲೆಯಲ್ಲಿ ನಿಂತದ್ದೂ ಉಂಟು, ಸುಳ್ಳು ಯಾಕೆ ಹೇಳಲಿ.

ಇನ್ನು ನೀರಿನ ವಿಷಯ. ಮಳೆಗಾಲ ಹತ್ತಿರ ಬಂದಂತೆ ಜಲಾಶಯದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ಬೆಟ್ಟದಿಂದ ಇಳಿದು ಬರುವ ಹೊಸ ನೀರಿಗೆ ಜಾಗ ಮಾಡಿಡಬೇಕು. ಇದೇನು ಗುಟ್ಟಲ್ಲ, ಸಾಹೇಬರ ಕೋಣೆಯ ಗೋಡೆಯ ಮೇಲೇ ದಪ್ಪ ಅಕ್ಷರದಲ್ಲಿದೆ. ಆದರೆ ಆ ವರ್ಷ ಯಾರೋ ದೊಡ್ಡವರ ಪರಿವಾರಕ್ಕೆ ದೋಣಿ ವಿಹಾರ ಮಾಡಿಸಬೇಕಿತ್ತು. ನೀರು ಇಳಿದರೆ ದಡದ ಕೆಸರು ಕಾಣುತ್ತದೆ, ಅತಿಥಿಗೃಹದ ಕಿಟಕಿಯಿಂದ ನೋಟ ಕೆಡುತ್ತದೆ. ಅದಕ್ಕೆ ಒಂದು ಹನಿಯನ್ನೂ ಬಿಡಕೂಡದೆಂದು ಅಪ್ಪಣೆಯಾಯಿತು. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಜಲಾಶಯವನ್ನು ಕಂಠಪೂರ್ತಿ ತುಂಬಿಸಿಕೊಂಡು ಕೂತರು. ಅವರು ಬರಲೇ ಇಲ್ಲ, ಮಳೆ ಬಂತು.

ಸುರಿದದ್ದು ಮೇಲಿನ ಬೆಟ್ಟಗಳಲ್ಲಿ. ಕೆಳಗೆ ನಮ್ಮಲ್ಲಿ ಬಟ್ಟೆ ಒಣಗಿಸಲು ಹೇಳಿ ಮಾಡಿಸಿದಂಥ ಬಿಸಿಲಿತ್ತು. ಎಲ್ಲ ಗೇಟನ್ನೂ ಒಟ್ಟಿಗೇ ಎತ್ತು ಎಂದು ಸಾಹೇಬರು ಫೋನಿನಲ್ಲಿ ಹೇಳಿದರು. ಚಿಕ್ಕಪ್ಪ ಸೈರನ್ ಒತ್ತಿ ಕೆಳಗೆ ಬಗ್ಗಿ ನೋಡಿದರೆ, ಹೆಂಗಸರು ಹೊಳೆಯ ನಡುವೆ ನಿಂತು ನಗುತ್ತಾ ಕೈ ಬೀಸುತ್ತಿದ್ದಾರೆ! ಮತ್ತೆ ಒತ್ತಿದರು. ಇನ್ನೂ ದೊಡ್ಡವರು ಯಾರೋ ಬಂದಿರಬೇಕೆಂದು ಬೀದಿಯಲ್ಲಿದ್ದವರೂ ನೋಡಲು ಬಂಡೆಗಳ ಮೇಲೆ ಬಂದರು. ಚಿಕ್ಕಪ್ಪನಿಗೆ ಜೀವ ಬಾಯಿಗೆ ಬಂತು. ಫೋನಿನಲ್ಲಿ, ಜನ ಇದ್ದಾರೆ ಸಾರ್, ಯಾರೂ ದಡ ಹತ್ತುತ್ತಿಲ್ಲ ಎಂದು ಬಾಯಿ ಬಡಿದುಕೊಂಡರು.

“ಸೈರನ್ ಆಯ್ತಲ್ಲ, ನಿಯಮ ಮುಗೀತು. ಎತ್ತು ಅಂದ್ರೆ ಎತ್ತಬೇಕು” ಎಂದರು ಸಾಹೇಬರು.

ಚಿಕ್ಕಪ್ಪ ರಿಸೀವರನ್ನು ಮೇಜಿನ ಮೇಲೆ ಬಿಸಾಕಿ, ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದು ಓಡಿದರು. ಹೊಳೆಗೆ ಬಂದವರೇ ಬಾಯಿಗೆ ಬಂದಂತೆ ಬೈಯುತ್ತಾ ಎಲ್ಲರನ್ನೂ ದಡಕ್ಕೆ ಅಟ್ಟಿದರು. ಗಣ್ಯರ ಮುಂದೆ ಮರ್ಯಾದೆ ತೆಗೆಯುತ್ತೀರಲ್ಲ ಎಂದು ಚಿಕ್ಕಮ್ಮ ರೇಗಿದಳು. ಅವಳ ರಟ್ಟೆ ಹಿಡಿದು ಎಳೆದೇ ಹತ್ತಿಸಿದರು. ಹಣ್ಣು ಮುದುಕಿಯೊಬ್ಬಳನ್ನು ಹೊತ್ತುಕೊಂಡು ಬಂದರು. ಎಲ್ಲರೂ ಮೇಲಾದರೆಂದು ಕಣ್ಣಾರೆ ಕಂಡಮೇಲೆ ಏದುಸಿರು ಬಿಡುತ್ತಾ ವಾಪಸು ಹತ್ತಿಹೋಗಿ ಗೇಟು ಎತ್ತಿದರು. ಆಮೇಲೆ ಬಂದ ನೀರಿನಲ್ಲಿ ಒಂದು ಬಂಡೆಯೂ ಕಾಣಲಿಲ್ಲ. ಹರವಿದ್ದ ಬಟ್ಟೆಯೆಲ್ಲ ಕೊಚ್ಚಿಕೊಂಡು ಹೋಯಿತು.

ಅಣೆಕಟ್ಟಿಗೆ ಕೂದಲೂ ಕೊಂಕಲಿಲ್ಲ. ತಡವಾದದ್ದಕ್ಕೆ ಜಲಾಶಯದ ನೀರು ಅತಿಥಿಗೃಹದ ಒಳಗೆ ನುಗ್ಗಿ, ಹೊಸ ರತ್ನಗಂಬಳಿಯೂ ಸೋಫಾಗಳೂ ನೆನೆದವು, ಅಷ್ಟೇ. ಆ ಸೋಫಾಗಳಿಗಾಗಿ ಮೇಲಿನ ಅಧಿಕಾರಿಗಳು ಪಟ್ಟ ಸಂಕಟ ನೋಡಬೇಕಿತ್ತು! ಅಪ್ಪಣೆಯಿಲ್ಲದೆ ಜಾಗ ಬಿಟ್ಟು ಹೋದದ್ದು, ಸರ್ಕಾರಿ ಆಸ್ತಿಗೆ ನಷ್ಟ ಮಾಡಿದ್ದು, ಹೀಗೆ ಚಿಕ್ಕಪ್ಪನ ಮೇಲೆ ಆರೋಪ ಹೊರಿಸಿದರು. ನೀರನ್ನು ತುಂಬಿಸಿಟ್ಟುಕೊಂಡು ಕೂತವರ ಬಗ್ಗೆ ಒಂದಕ್ಷರವಿಲ್ಲ. ಸಾಹೇಬರಂತೂ ನೀಟಾಗಿ ಕೈ ತೊಳೆದುಕೊಂಡರು.

ವಿಚಾರಣೆಯ ದಿನ ಚಿಕ್ಕಮ್ಮನ ಜೊತೆ ನಾನೂ ಹೋಗಿದ್ದೆ. ಫ್ಯಾನು ಕಿರುಗುಡುವ ಸಣ್ಣ ಕೋಣೆ, ಗೋಡೆಗೆ ಒತ್ತಿ ಹಾಕಿದ ಬೆಂಚು. ವಿಚಾರಣೆಗೆ ಬಂದ ಅಧಿಕಾರಿ ಒಳ್ಳೆಯ ಮಾತಿನವರು, ಚಿಕ್ಕಪ್ಪನಿಗೆ ಕುರ್ಚಿ ಕೊಟ್ಟರು, ನೀರು ಬೇಕಾ ಎಂದು ಕೇಳಿದರು. ಆಮೇಲೆ ಅದೇ ಮೆತ್ತಗಿನ ದನಿಯಲ್ಲಿ, ಅವತ್ತು ಹೊಳೆಯಲ್ಲಿ ಪ್ರಾಣಹಾನಿ ಏನಾದರೂ ಆಯಿತಾ ಎಂದರು. ಇಲ್ಲ ಸಾರ್, ಒಬ್ಬರಿಗೂ ಏನೂ ಆಗಲಿಲ್ಲ ಎಂದು ಚಿಕ್ಕಪ್ಪ ಎದೆಯುಬ್ಬಿಸಿ ಹೇಳಿದರು.

“ಹಾಗಿದ್ಮೇಲೆ ಅಲ್ಲಿ ಅಪಾಯ ಇತ್ತು ಅನ್ನೋಕೆ ಆಧಾರ ಏನಿದೆ, ಹೇಳಿ.”

ಚಿಕ್ಕಪ್ಪ ತಿರುಗಿ ಚಿಕ್ಕಮ್ಮನ ಮುಖ ನೋಡಿದರು. ಚಿಕ್ಕಮ್ಮ ಬೆಂಚಿನಿಂದ ಎದ್ದಳು. ಕೂಗಲಿಲ್ಲ, ಅಳಲೂ ಇಲ್ಲ.

“ಸಾರ್, ಅವತ್ತು ನಾನು ಕೊಚ್ಕೊಂಡು ಹೋಗಿದ್ರೆ ಇವರ ಕೆಲಸ ಉಳೀತಿತ್ತಾ?”

ಅಧಿಕಾರಿ ಅವಳ ಕಡೆ ನೋಡಲಿಲ್ಲ. ಟೈಪಿಸ್ಟಿನ ಕಡೆ ತಿರುಗಿ, ಈ ಮಾತು ಬೇಡ, ಬಿಟ್ಟುಬಿಡಿ ಎಂದರು. ಟೈಪಿಸ್ಟು ಕೀಲಿಗಳ ಮೇಲಿಂದ ಬೆರಳು ಎತ್ತಿಕೊಂಡಳು. ಚಿಕ್ಕಪ್ಪನ ಕೆಲಸ ಅಲ್ಲಿಗೇ ಹೋಯಿತು.