ಹಳಿಯ ಪಕ್ಕ ಕಳೆ ನೆಡುವವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರೈಲು ಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ, ಎರಡು ಸ್ಟೂಲುಗಳಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ಹೆಂಗಸೊಬ್ಬರು ಬೋರಲಾಗಿ ಮಲಗಿದ್ದಾರೆ. ಅವರ ಮೂಗಿನ ಕೆಳಗೆ ಇಡೀ ಊರೊಂದಿದೆ. ಬೆಂಕಿಪೊಟ್ಟಣದಷ್ಟು ಮನೆಗಳು, ಗೇಣುದ್ದದ ಸೇತುವೆ, ಕಡ್ಡಿಯಷ್ಟು ಸಣ್ಣ ಹಳಿ. ಹಳಿ ಕವಲೊಡೆಯುವ ಜಾಗಕ್ಕೆ ಚಿಮುಟ ತಂದು ಅವರು ಕಳೆ ನೆಡುತ್ತಿದ್ದಾರೆ. ಹೌದು, ಕಳೆಯೇ. ಊರೆಲ್ಲ ಕಿತ್ತೆಸೆಯುವುದನ್ನು ಇವರು ಒಂದೊಂದೇ ಎಳೆ ಹಿಡಿದು ನಿಲ್ಲಿಸುತ್ತಾರೆ.

"ಜೋರಾಗಿ ಉಸಿರು ಬಿಡ್ಬೇಡಿ, ಅಂಟು ಇನ್ನೂ ಹಸಿ," ಎನ್ನುತ್ತಾರೆ ತಲೆ ಎತ್ತದೆ, ಹತ್ತಿರ ಬಗ್ಗಿ ನೋಡುವವರಿಗೆ.

ಇಲ್ಲಿನವರಿಗೆಲ್ಲ ಇವರು ಹುಲ್ಲಕ್ಕ. ಹೋದ ವಾರ ದೊಡ್ಡ ಅಧಿಕಾರಿಗಳೆಲ್ಲ ನೋಡಲು ಬಂದಿದ್ದಾಗ ಪುಟ್ಟ ರೈಲು ನಡುದಾರಿಯಲ್ಲಿ ನಿಂತುಬಿಟ್ಟಿತು. ಎಂಜಿನ್ನಿನ ಗಾಲಿಯ ಅಚ್ಚಿಗೆ ಹುಲ್ಲಿನ ಎಳೆಯೊಂದು ಸುತ್ತಿಕೊಂಡಿತ್ತು. ಮೇಲ್ವಿಚಾರಕರು ಅಲ್ಲೇ ಹೇಳಿದರು: ಇನ್ನೊಂದು ಸಲ ನಿಂತರೆ ಹುಲ್ಲನ್ನೆಲ್ಲ ಕೆರೆದು ಅಂಗಡಿಯ ಹಸಿರು ಹಾಸು ಹಾಸುವುದು. ಇವತ್ತು ಬಾಗಿಲು ತೆರೆಯುವ ಮುಂಚೆ ಅವರೆದುರಿಗೆ ರೈಲು ಒಂದು ಸುತ್ತು ಬರಬೇಕು. ಮೂರು ವರ್ಷದ ಕೆಲಸ ಆ ಒಂದು ಸುತ್ತಿನ ಮೇಲೆ ನಿಂತಿದೆ.

ಹುಲ್ಲಕ್ಕ ಇಲ್ಲಿಗೆ ಬಂದದ್ದು ಕಸ ಗುಡಿಸಲು. ಆಗ ಈ ಊರಿನ ನೆಲಕ್ಕೆಲ್ಲ ಹಸಿರು ಬಣ್ಣದ ಮರದ ಹೊಟ್ಟು ಉದುರಿಸಿದ್ದರು. "ಇದ್ಯಾವ ಹುಲ್ಲು, ಪಾಚಿ ಕಟ್ಟಿದ ಹಾಗಿದೆ" ಅಂದರಂತೆ. ಹಾಗಾದರೆ ನೀವೇ ಮಾಡಿ ಎಂದರಂತೆ ಅಂದಿನ ಮೇಲ್ವಿಚಾರಕರು. ಚಿಕ್ಕಂದಿನಲ್ಲಿ ಅಮ್ಮನ ಹಿಂದೆ ಕುಡುಗೋಲು ಹಿಡಿದು ರೈಲು ದಿಬ್ಬದ ಮೇಲೆ ದನಕ್ಕೆ ಹುಲ್ಲು ಕೊಯ್ದವರು ಅವರು. "ಜನ ನಡೆಯೋ ಕಡೆ ಹುಲ್ಲು ಮೋಟು. ನೀರು ಜಿನುಗೋ ಕಡೆ ಕಡು ಹಸಿರು. ಎಣ್ಣೆ ಸೋರಿದ ಕಡೆ ಹುಟ್ಟೋದೇ ಇಲ್ಲ. ಕೊಯ್ದ ಕೈಗೆ ಅಷ್ಟು ನೆನಪಿರುತ್ತೆ."

ಅವರ ಹುಲ್ಲು ನೈಲಾನಿನ ಚೂರು. ಜರಡಿ ಬಾಯಿಯ ಪುಟ್ಟ ಯಂತ್ರದಲ್ಲಿ ತುಂಬಿ, ಅದರ ತಂತಿಯ ತುದಿಯ ಮೊಳೆಯನ್ನು ಹಸಿ ಅಂಟಿಗೆ ಚುಚ್ಚಿ ಯಂತ್ರವನ್ನು ಅಲ್ಲಾಡಿಸಿದರೆ, ವಿದ್ಯುತ್ತಿನ ಸೆಳೆತಕ್ಕೆ, ಬಾಚಣಿಗೆಗೆ ಕೂದಲು ನಿಮಿರುವ ಹಾಗೆ ಎಳೆಗಳು ನೆಟ್ಟಗೆ ನಿಲ್ಲುತ್ತವೆ. ದಿನಕ್ಕೆ ಗೇಣಗಲ ಮುಗಿದರೆ ಹೆಚ್ಚು. ಮೊಣಕೈ ಕಪ್ಪಗೆ ಜಡ್ಡುಗಟ್ಟಿದೆ, ಗಂಟಲು ಸದಾ ಕೆರೆಯುತ್ತದೆ. ಹೋದ ವಾರದಿಂದ ಇನ್ನೊಂದು ಕೆಲಸ ಸೇರಿದೆ: ಕಸ ಹೀರುವ ಯಂತ್ರದ ಬಾಯಿಗೆ ಹಳೇ ಕಾಲುಚೀಲ ಕಟ್ಟಿ, ಅಂಟದೆ ಉಳಿದ ಎಳೆಗಳನ್ನೆಲ್ಲ ಎಳೆದು ತೆಗೆಯುವುದು.

ರೈಲು ಓಡಿಸುವವನು ಅವರ ಸ್ವಂತ ತಮ್ಮ. ಹೆಗಲ ಮೇಲೆ ಒರೆಸುವ ಬಿಳಿ ಬಟ್ಟೆ ಹಾಕಿಕೊಂಡು ಸ್ವಿಚ್ಚುಗಳ ಮುಂದೆ ಕೂತಿದ್ದಾನೆ.

"ಅಕ್ಕಾ, ನಿನ್ನ ಕಾಡೊಳಗೆ ನನ್ನ ಗಾಡಿ ಕಳೆದುಹೋಗುತ್ತೆ ನೋಡು."

"ನಿನ್ನ ಗಾಡಿಗೆ ನೆಗಡಿ ಆದ್ರೂ ನನ್ನ ಹುಲ್ಲೇ ಕಾರಣ ಬಿಡಪ್ಪಾ."

ಮೇಲ್ವಿಚಾರಕರು ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ, ಕೈ ಹಿಂದೆ ಕಟ್ಟಿಕೊಂಡು ನಿಂತರು. ಎಂಜಿನ್ನು ನಾಲ್ಕು ಡಬ್ಬಿ ಎಳೆದುಕೊಂಡು ಹೊರಡುತ್ತದೆ. ಸುರಂಗ ದಾಟುತ್ತದೆ, ಸೇತುವೆ ದಾಟುತ್ತದೆ. ಹುಲ್ಲಕ್ಕ ಅದರ ಜೊತೆಜೊತೆಗೇ ಸರಿಯುತ್ತಾರೆ. ಹಳಿ ಕವಲೊಡೆಯುವ ಜಾಗಕ್ಕೆ ಬಂದದ್ದೇ ಎಂಜಿನ್ನು ಗೊರ್ ಎಂದು, ಒಮ್ಮೆ ಮುಗ್ಗರಿಸಿ, ನಿಂತುಬಿಡುತ್ತದೆ.

"ಸಾಕಮ್ಮ," ಎನ್ನುತ್ತಾರೆ ಮೇಲ್ವಿಚಾರಕರು. "ಸಾಯಂಕಾಲದೊಳಗೆ ಕೆರೆದುಬಿಡಿ."

ಹುಲ್ಲಕ್ಕ ಎಂಜಿನ್ನನ್ನು ಎತ್ತಿ ಅಂಗಾತ ಮಾಡುತ್ತಾರೆ. ಚಿಮುಟದಿಂದ ಅಚ್ಚಿನ ಸಂದಿಯಲ್ಲಿದ್ದುದನ್ನು ಎಳೆಯುತ್ತಾರೆ. ಬರುತ್ತದೆ, ಬರುತ್ತಲೇ ಇರುತ್ತದೆ. ಬಿಳಿಯದು, ಬೆರಳುದ್ದದ್ದು. ಅವರ ಕಣ್ಣು ಒಂದು ಕ್ಷಣ ತಮ್ಮನ ಹೆಗಲಿನ ಬಟ್ಟೆಯ ಕಡೆ ಹೋಗಿ ಬರುತ್ತದೆ. ಮುಷ್ಟಿ ಮುಚ್ಚಿಕೊಳ್ಳುತ್ತದೆ.

"ಆಯ್ತು ಸಾರ್. ಕೆರೀತೀನಿ."

"ಅಕ್ಕಾ, ಕೈ ಬಿಚ್ಚು."

"ನೀನು ಸುಮ್ನಿರೋ."

"ಬಿಚ್ಚೇ ಅಂದ್ರೆ!" ತಮ್ಮ ಎದ್ದು ಬಂದು ಅವರ ಬೆರಳು ಬಿಡಿಸುತ್ತಾನೆ. "ಸಾರ್, ಇದು ಹುಲ್ಲಲ್ಲ. ನನ್ನ ಹೆಗಲ ಮೇಲಿರೋ ಈ ಹಳೇ ಬನಿಯನ್ ದಾರ. ಗಾಡಿ ಎಲ್ಲೂ ನಿಲ್ಲಬಾರದು ಅಂತ ಬೆಳಿಗ್ಗೆ ಇದರಲ್ಲೇ ಹಳಿ ಒರೆಸಿದ್ದೆ. ತಪ್ಪು ನಂದು. ಏನು ಮಾಡೋದಿದ್ರೂ ನನಗೆ ಮಾಡಿ."

ಮೇಲ್ವಿಚಾರಕರು ದಾರ ನೋಡುತ್ತಾರೆ, ಬನಿಯನ್ ನೋಡುತ್ತಾರೆ. "ಹೋದ ವಾರದ್ದೂ ಇದೇನಾ?"

ಹೂಂ ಎಂದುಬಿಡಬಹುದಿತ್ತು. ತಮ್ಮ ಬಾಯಿ ತೆರೆಯುವ ಮೊದಲೇ ಹುಲ್ಲಕ್ಕ ಹೇಳುತ್ತಾರೆ: "ಇಲ್ಲ ಸಾರ್. ಅದು ನನ್ನ ಹುಲ್ಲೇ."

ಮೇಲ್ವಿಚಾರಕರು ಗೋಡೆಯ ಗಡಿಯಾರ ನೋಡುತ್ತಾರೆ. "ಇನ್ನೊಂದು ಸುತ್ತು ಬಿಡಿ," ಎನ್ನುತ್ತಾರೆ.

ಹುಲ್ಲಕ್ಕ ಒಣಗಿದ ಕುಂಚದಿಂದ ಹಳಿ ಗುಡಿಸುತ್ತಾರೆ. ಗಾಡಿ ಮತ್ತೆ ಹೊರಡುತ್ತದೆ. ಸುರಂಗ, ಸೇತುವೆ, ಕವಲು. ಹಳಿಗೆ ಒತ್ತಿಕೊಂಡು ಬೆಳೆದ ಕಳೆ ಎಂಜಿನ್ನಿನ ಪಕ್ಕೆಗೆ ತಾಗಿ ಬಗ್ಗುತ್ತದೆ. ನಾಲ್ಕೂ ಡಬ್ಬಿ ಅದನ್ನು ಸವರಿಕೊಂಡು ಹೋಗುತ್ತವೆ. ಕೊನೆಯ ಡಬ್ಬಿ ದಾಟಿದ ಮೇಲೆ ಒಂದೊಂದೇ ಎಳೆ ನಿಧಾನಕ್ಕೆ ಎದ್ದು ನಿಲ್ಲುತ್ತದೆ.

"ಆ ಬನಿಯನ್ ಮೊದಲು ಆಚೆ ಎಸೀರಿ," ಎಂದು ಮೇಲ್ವಿಚಾರಕರು ಬಾಗಿಲು ತೆರೆಸಲು ಹೋಗುತ್ತಾರೆ. ಅಕ್ಕ ತಮ್ಮನ ಬೆನ್ನಿಗೆ ಒಂದು ಗುದ್ದು ಗುದ್ದುತ್ತಾರೆ.

ಮೊದಲು ಒಳಗೆ ಬಂದವರು ಕನ್ನಡಕದ ಅಜ್ಜಿಯೊಬ್ಬರು. ಬಗ್ಗಿ, ಬಹಳ ಹೊತ್ತು ನೋಡಿ, ಪಕ್ಕದಲ್ಲಿ ಪೊರಕೆ ಹಿಡಿದು ನಿಂತ ಹುಲ್ಲಕ್ಕನ ಕಡೆ ತಿರುಗುತ್ತಾರೆ.

"ರೈಲೇನೋ ಚೆನ್ನಾಗಿ ಮಾಡಿದ್ದಾರೆ ಕಣಮ್ಮ. ಹಳಿ ಪಕ್ಕ ಮಾತ್ರ ಅದೆಷ್ಟು ಕಳೆ ಬೆಳೆದಿದೆ! ಯಾರೂ ಕೀಳಿಸೋದಿಲ್ವಾ?"

ಹುಲ್ಲಕ್ಕ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ.

"ಏನ್ಮಾಡೋದು ಅಜ್ಜಿ, ಆಳು ಸಿಕ್ತಿಲ್ಲ."