ಚೀಲ ತಗೊಂಡು ಬಾ

‘ಏನೂ ಆಗಿಲ್ಲವಲ್ಲ, ಇನ್ನೇಕೆ ಅಳು?’ ಎಂದು ಯಾರಾದರೂ ಮಗುವನ್ನು ಗದರಿಸುವುದು ಕಿವಿಗೆ ಬಿದ್ದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಬಸ್ಸಿನಲ್ಲಾಗಲಿ, ಮದುವೆಮನೆಯಲ್ಲಾಗಲಿ, ಗುರುತಿಲ್ಲದವರೇ ಆಗಲಿ, ನಾನು ಬಾಯಿ ಮುಚ್ಚಿಕೊಂಡು ಕೂರುವವಳಲ್ಲ. ‘ಏನೂ ಆಗಿಲ್ಲ ಅಂತ ನಿಮಗೆ ಹೇಗೆ ಗೊತ್ತು?’ ಎಂದು ಕೇಳಿಯೇ ಬಿಡುತ್ತೇನೆ. ಅತ್ತೆಗೆ ಊರ ಉಸಾಬರಿಯೆಲ್ಲ ಬೇಕು ಎಂದು ಸೊಸೆ ನಗುತ್ತಾಳೆ. ನಗಲಿ. ಒಂಬತ್ತು ವರ್ಷದವಳಿದ್ದಾಗ ಆ ಮಾತನ್ನು ನಾನು ಶಾಲೆಯಲ್ಲೂ ಕೇಳಿದ್ದೇನೆ, ಮನೆಯಲ್ಲೂ ಕೇಳಿದ್ದೇನೆ.

ಐವತ್ತರ ದಶಕದ ಕೊನೆಯ ವರ್ಷಗಳು. ಅಪ್ಪ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸಗಾರ. ಚಾಂಪಿಯನ್ ರೀಫ್ಸಿನಲ್ಲಿ ಗಣಿಯವರು ಕೆಲಸಗಾರರಿಗೆ ಕೊಟ್ಟಿದ್ದ ಸಾಲುಮನೆಗಳ ಕೂಲಿ ಲೈನಿನಲ್ಲಿ ನಮ್ಮದೊಂದು ಕೋಣೆಯ ಮನೆ. ಅಜ್ಜಿ ಇದ್ದದ್ದು ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ. ನಾನು ಓದಿದ ಶಾಲೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದೇ ಶಾಲೆಯ ತಪ್ಪು ಎಂದುಕೊಂಡು ಉಳಿದವರೆಲ್ಲ ಹಗುರಾಗಿಬಿಡುತ್ತಾರೆ.

ಗಣಿಯ ಆಳದಲ್ಲಿ ಆಗಾಗ ಬಂಡೆ ತಾನಾಗಿಯೇ ಸಿಡಿಯುತ್ತಿತ್ತು. ಅದನ್ನು ಎಲ್ಲರೂ ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಮೇಲಿದ್ದ ನಮಗೆ ಕಾಲಡಿಯಲ್ಲೊಂದು ಗುದ್ದು, ಗೂಡಿನಿಂದ ಲೋಟ ಉರುಳಿದ ಸದ್ದು, ಅಷ್ಟೇ. ಮರುಗಳಿಗೆಗೆ ಹೆಂಗಸರು ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡುತ್ತಿದ್ದರು. ತಮಿಳಿನವರು, ತೆಲುಗಿನವರು, ನಮ್ಮವರು, ಎಲ್ಲರೂ ಗೇಟಿನ ಮುಂದೆ ಒಬ್ಬರ ಕೈ ಒಬ್ಬರು ಹಿಡಿದು ನಿಲ್ಲುತ್ತಿದ್ದರು. ಅಷ್ಟು ಭಾಗ್ಯವೂ ಮಕ್ಕಳಿಗಿರಲಿಲ್ಲ. ಶಾಲೆಯಲ್ಲಿದ್ದ ನಾವು ತಲೆ ಎತ್ತಬಾರದು, ಕಿಟಕಿ ಕಡೆ ನೋಡಬಾರದು. ‘ಬರೀರಿ, ಬರೀರಿ’ ಎಂದು ಮೇಷ್ಟ್ರು ಬೆತ್ತದಿಂದ ಮೇಜು ಕುಟ್ಟುತ್ತಿದ್ದರು. ಮಗ್ಗಿ ಬರೆಯುತ್ತಾ ಕೂತ ಮಕ್ಕಳಲ್ಲಿ ಅರ್ಧಕ್ಕರ್ಧ ಮಕ್ಕಳ ಅಪ್ಪಂದಿರು ಆ ಹೊತ್ತಿಗೆ ನೆಲದಡಿಯಲ್ಲೇ ಇರುತ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಜವಾನ ಬಾಗಿಲಿಗೆ ಬಂದು ಒಂದು ಮಗುವನ್ನು ಕರೆಯುತ್ತಿದ್ದ. ಬರೀ ‘ಬಾ’ ಎಂದರೆ ಅಪ್ಪನಿಗೆ ಪೆಟ್ಟಾಗಿದೆ, ಆಸ್ಪತ್ರೆಯಲ್ಲಿದ್ದಾನೆ. ‘ಚೀಲ ತಗೊಂಡು ಬಾ’ ಎಂದರೆ ಅಪ್ಪ ಇಲ್ಲ. ಇದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನೋಡಿ ನೋಡಿ ನಾವೇ ಕಲಿತದ್ದು. ಚೀಲ ತೆಗೆದುಕೊಂಡು ಹೋದವರು ತರಗತಿಗೆ ಮರಳುತ್ತಿರಲಿಲ್ಲ. ಅವರ ಮನೆಯವರು ಲೈನು ಖಾಲಿ ಮಾಡಿ ತಮ್ಮ ಊರು ಸೇರಿಕೊಳ್ಳುತ್ತಿದ್ದರು. ಒಂದು ಮಗುವಿಗೆ ಅದರ ಬದುಕಿನ ಅತಿ ಕೆಟ್ಟ ಸುದ್ದಿಯನ್ನು ಮುಟ್ಟಿಸಲು ಓದಿದ ಜನ ಕಂಡುಕೊಂಡಿದ್ದ ಏರ್ಪಾಡು ಇದು. ಜವಾನ ಕೂಗಿ ಹೊರಟುಹೋಗುತ್ತಿದ್ದ. ಆ ಮಗು ಒಂಟಿಯಾಗಿ ಉದ್ದನೆಯ ಜಗಲಿ ದಾಟಿ ಹೆಡ್ ಮೇಷ್ಟ್ರ ಕೋಣೆಗೆ ನಡೆಯಬೇಕು. ಜೊತೆಗೆ ಹೋಗಲು ಒಬ್ಬ ಮೇಷ್ಟ್ರಿಗಾದರೂ ಕಾಲಿರಲಿಲ್ಲವೇ?

ಒಂದು ಬೆಳಿಗ್ಗೆ ಗುದ್ದು ಬಂತು. ಅಂಥಾ ದೊಡ್ಡದೇನಲ್ಲ, ಬಳಪ ಹಲಗೆಯಿಂದ ಜಾರಿತು, ಅಷ್ಟೇ. ಆ ವಾರ ಅಪ್ಪನಿಗೆ ಹಗಲು ಪಾಳಿ. ಸ್ವಲ್ಪ ಹೊತ್ತಿಗೆ ಜವಾನ ಬಾಗಿಲಿಗೆ ಬಂದ. ನನ್ನ ಕಡೆ ಬೆರಳು ತೋರಿಸಿ, ‘ಚೀಲ ತಗೊಂಡು ಬಾಮ್ಮಾ’ ಎಂದ.

ತರಗತಿಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ನನ್ನ ಬೆಂಚಿನ ಜೊತೆಗಾತಿ, ಲೈನಿನ ಆ ತುದಿಯ ತಮಿಳು ಮನೆಯ ಹುಡುಗಿ, ತಾನು ಮುಚ್ಚಿಟ್ಟುಕೊಂಡಿದ್ದ ಹುಣಸೆಹಣ್ಣಿನ ಉಂಡೆಯನ್ನು ನನ್ನ ಕೈಗೆ ತುರುಕಿದಳು. ಅದನ್ನು ಹಿಡಿದುಕೊಂಡೇ ಜಗಲಿಗೆ ಬಂದೆ. ಅಮ್ಮ ಗೇಟಿನ ಹತ್ತಿರ ಬಿದ್ದು ಹೊರಳಾಡುತ್ತಿರಬಹುದು ಎಂದುಕೊಂಡೆ. ನಾಳೆಯಿಂದ ನಾವೆಲ್ಲಿ ಇರುವುದು ಎಂದುಕೊಂಡೆ. ಅಪ್ಪನ ಮುಖ ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಬೆಳಿಗ್ಗೆ ಬಾಗಿಲು ದಾಟಿಹೋದ ಅವನ ಬೆನ್ನು ಮಾತ್ರ ಕಣ್ಣ ಮುಂದೆ ಬಂತು. ಹೆಡ್ ಮೇಷ್ಟ್ರ ಕೋಣೆ ತಲುಪುವ ಹೊತ್ತಿಗೆ ನನ್ನ ಅಪ್ಪ ಸತ್ತಿದ್ದ. ಅದರಲ್ಲಿ ನನಗೆ ಯಾವ ಅನುಮಾನವೂ ಉಳಿದಿರಲಿಲ್ಲ.

ಒಳಗೆ ಶಾಲಾ ಇನ್ಸ್‌ಪೆಕ್ಟರು ಕೂತು ಕಾಫಿ ಕುಡಿಯುತ್ತಿದ್ದರು. ಮುಂಚೆ ತಿಳಿಸದೆ ಬಂದಿದ್ದರಂತೆ. ಹೆಡ್ ಮೇಷ್ಟ್ರು ಬಾಯಿ ತುಂಬಾ ನಗುತ್ತಿದ್ದರು.

‘ಇವಳೇ ಸಾರ್, ಮುತ್ತಿನಂಥ ಅಕ್ಷರ. ತೆಗಿಯಮ್ಮಾ ನಿನ್ನ ಕಾಪಿ ಪುಸ್ತಕ, ಸಾಹೇಬರಿಗೆ ತೋರಿಸು.’

ಚೀಲದ ಗುಂಡಿ ಬಿಚ್ಚಲು ನನ್ನ ಬೆರಳಿಗಾಗಲಿಲ್ಲ. ‘ನಮ್ಮಪ್ಪ?’ ಎಂದೆ. ‘ನಿಮ್ಮಪ್ಪನಿಗೇನು? ಕೆಲಸಕ್ಕೆ ಹೋಗಿರಬೇಕು’ ಎಂದರು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡೆ. ಆಮೇಲೆ ಬಂದ ಅಳು ಎಷ್ಟು ಹೊತ್ತಾದರೂ ನಿಲ್ಲಲೇ ಇಲ್ಲ. ಇನ್ಸ್‌ಪೆಕ್ಟರು ಲೋಟ ಕೆಳಗಿಟ್ಟು, ‘ಭಾರಿ ಅಂಜುಬುರುಕಿ’ ಎಂದು ನಕ್ಕರು. ಹೆಡ್ ಮೇಷ್ಟ್ರ ನಗು ಮಾಯವಾಯಿತು. ‘ಏನೂ ಆಗಿಲ್ಲವಲ್ಲ, ಇನ್ನೇಕೆ ಅಳು? ಮಾನ ಕಳೆದೆ’ ಎಂದು ಗೋಣಿತಾಟು ತರಿಸಿ ನೆಲವನ್ನು ನನ್ನಿಂದಲೇ ಒರೆಸಿದರು. ಇಷ್ಟು ವರ್ಷಗಳಾದರೂ ಆ ಗೋಣಿತಾಟಿನ ವಾಸನೆ ನನ್ನ ಮೂಗಿನಲ್ಲಿದೆ. ಅವರಿಬ್ಬರನ್ನೂ ನಾನು ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ.

ಸಂಜೆ ಅಪ್ಪ ಎಂದಿನಂತೆ ಮನೆಗೆ ಬಂದ. ನಾನು ಅವನ ಅಂಗಿ ಹಿಡಿದುಕೊಂಡು ಬಿಡಲೇ ಇಲ್ಲ. ನಡೆದದ್ದನ್ನು ಕೇಳಿ ಅಮ್ಮ ರೇಗಿದಳು. ‘ಏನೂ ಆಗಿಲ್ವಲ್ಲೇ! ನಿಮ್ಮಪ್ಪ ಗುಂಡುಕಲ್ಲಂಗೆ ಮುಂದೇ ಕುಂತವ್ನೆ, ಯಾತಕ್ಕೇ ಅಳ್ತೀಯಾ? ಅಪಸಕುನ!’

ಮರುದಿನದಿಂದ ನನಗೆ ಚೀಲ ಎತ್ತಲು ಆಗದೆ ಹೋಯಿತು. ಅಪ್ಪನ ಹಳೆಯ ಖಾಕಿ ಅಂಗಿ ಕತ್ತರಿಸಿ ಅಮ್ಮ ಹೊಲಿದಿದ್ದ ಚೀಲ ಅದು. ಹೆಗಲಿಗೆ ಹಾಕಿದರೆ ಸಾಕು, ಉಂಡದ್ದೆಲ್ಲ ವಾಂತಿಯಾಗುತ್ತಿತ್ತು. ಚೀಲ ಬಿಟ್ಟು ಹೋದರೆ ಮೇಷ್ಟ್ರು ಬಾಗಿಲಾಚೆ ನಿಲ್ಲಿಸುತ್ತಿದ್ದರು. ಶಾಲೆಯಲ್ಲಿ ಸೋಂಬೇರಿ ಎಂದರು, ಲೈನಿನಲ್ಲಿ ಸೋಗಲಾಡಿ ಎಂದರು. ಹೀಗೇ ಆದರೆ ಓದು ಬಿಡಿಸುವುದೇ ಸರಿ ಎಂದು ಅಮ್ಮ ತೀರ್ಮಾನಿಸಿದಳು. ಹೇಗೂ ಹೆಣ್ಣುಮಗಳು. ನನಗೋ ಓದೆಂದರೆ ಪ್ರಾಣ, ಆದರೆ ಆ ಚೀಲ ಏಳುತ್ತಿರಲಿಲ್ಲ.

ನನ್ನನ್ನು ಅಜ್ಜಿಯ ಊರಿಗೆ ಕರೆದೊಯ್ದರು. ಅಜ್ಜಿ ನನ್ನ ಕಣ್ಣು ಬಿಡಿಸಿ ನೋಡಿ, ‘ಮಗು ಬೆಚ್ಚೈತೆ ಕಣೇ’ ಎಂದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಬೇವಿನ ಸೊಪ್ಪು ಆಡಿಸಿದಳು. ಬಂಗಾರಪೇಟೆ ಸಂತೆಬೀದಿಯಲ್ಲಿದ್ದ ಒಬ್ಬರ ಹತ್ತಿರ ತಾಯತ ಕಟ್ಟಿಸಿದಳು. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಏನೋ ಆಗಿದೆ ಎಂದು ಮೊದಲು ಒಪ್ಪಿಕೊಂಡವಳು ಅವಳೇ. ಆದರೆ ಏನಾಯಿತು ಎಂದು ಅವಳೂ ನನ್ನನ್ನು ಕೇಳಲಿಲ್ಲ. ತಾಯತದ ದಾರ ಕುತ್ತಿಗೆ ಕೊರೆಯಿತೇ ಹೊರತು ಚೀಲ ಹಗುರಾಗಲಿಲ್ಲ.

ಕೇಳಿದ್ದು ಅಪ್ಪ. ನಾವು ಲೈನಿಗೆ ಮರಳಿದ ಮೇಲೆ, ಅವನಿಗೆ ರಾತ್ರಿ ಪಾಳಿ ಬಿದ್ದ ವಾರ, ಮಧ್ಯಾಹ್ನ ಎದ್ದು ಜಗಲಿಯ ಮೇಲೆ ಕೂತು ಬೀಡಿ ಹಚ್ಚಿದ್ದ. ನನ್ನನ್ನು ಪಕ್ಕಕ್ಕೆ ಕರೆದು, ‘ಆ ರೂಮಿಗೆ ಓಗೋವಾಗ ಏನನ್ಕಂಡೆ ಕಣಮ್ಮಾ?’ ಎಂದ. ಹೇಳಿದೆ. ಅಮ್ಮ ಹೊರಳಾಡಿದ್ದು, ಮನೆ ಖಾಲಿ ಮಾಡಿದ್ದು, ಅವನ ಬೆನ್ನು, ಎಲ್ಲವನ್ನೂ ಹೇಳಿದೆ. ಬೀಡಿ ಆರಿಹೋಗಿತ್ತು, ಅವನು ಮತ್ತೆ ಹಚ್ಚಿಕೊಳ್ಳಲಿಲ್ಲ.

‘ಅಂಗಾದ್ರೆ ಅಷ್ಟೊತ್ತೂ ನಾನು ಸತ್ತೋಗಿದ್ದೆ ಅನ್ನು.’

‘ಊಂ.’

‘ಅಷ್ಟು ಸಂಕ್ಟಾನ ಒಬ್ಳೇ ಪಟ್ಟಿದ್ದೀಯಲ್ಲ ಕಂದಾ.’ ಆರಿದ ಬೀಡಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡ. ‘ನಂಗೂ ದಿನಾ ಕೇಜಿನಾಗೆ ಇಳಿಯೋವಾಗ ಎದ್ರಿಕೆ ಆಯ್ತದೆ. ಪಕ್ದಾಗಿರೋನ ಬುಜ ಇಡ್ಕಂತೀನಿ. ಅವ್ನೂ ನಂದು ಇಡ್ಕಂತಾನೆ.’ ಕೇಜ್ ಎಂದರೆ ಕೆಲಸಗಾರರನ್ನು ಗಣಿಯೊಳಕ್ಕೆ ಇಳಿಸುವ ಕಬ್ಬಿಣದ ಗೂಡು.

‘ಮಗೀಗೆ ಎದ್ರಿಕೆ ಏಳ್ಕೊಡ್ತಾ ಅವ್ನೆ ನೋಡು’ ಎಂದು ಅಮ್ಮ ಒಳಗಿಂದ ಕೂಗಿದಳು. ನನಗೆ ಮಾತ್ರ ಎಷ್ಟೋ ದಿನದ ಮೇಲೆ ಉಸಿರು ಸರಾಗವಾಗಿ ಆಡಿತು. ಅಪ್ಪನಂಥ ಅಪ್ಪನಿಗೂ ಹೆದರಿಕೆಯಾಗುತ್ತದೆ ಎಂದರೆ ನಾನು ಸೋಗಲಾಡಿಯಲ್ಲ.

ಮರುದಿನದಿಂದ ಪಾಳಿ ಮುಗಿಸಿ ಬಂದ ಅಪ್ಪ ನಿದ್ದೆಗೆಟ್ಟ ಕಣ್ಣಲ್ಲೇ ನನ್ನ ಚೀಲ ಹೊತ್ತು ಶಾಲೆಗೆ ಬರತೊಡಗಿದ. ಹಗಲು ಪಾಳಿಯ ವಾರಗಳಲ್ಲಿ, ಗೊಣಗುತ್ತಲೇ ಆದರೂ, ಅಮ್ಮ ಹೊತ್ತಳು. ಒಂದು ದಿನ ಅಪ್ಪ ಹೆಡ್ ಮೇಷ್ಟ್ರ ಮುಂದೆ ಕೈಮುಗಿದು ನಿಂತು, ‘ಮಕ್ಳನ್ನ ಕರಿಯೋವಾಗ ಯಾರಾರ ಒಬ್ರು ಕೈ ಇಡ್ಕಂಡು ಕರ್ಕಂಡೋಗಿ ಸ್ವಾಮಿ, ಒಂಟಿಯಾಗಿ ಕಳಿಸ್ಬೇಡಿ’ ಎಂದ. ‘ಶಾಲೆ ನಡೆಸೋದನ್ನ ನೀನು ನನಗೆ ಹೇಳಿಕೊಡ್ತೀಯಾ? ಹೀಗೆ ಮುದ್ದು ಮಾಡಿಯೇ ನೀವು ಮಕ್ಕಳನ್ನ ಕೆಡಿಸೋದು’ ಎಂದರು ಅವರು. ಅಪ್ಪ ‘ಆಗ್ಲಿ ಸ್ವಾಮಿ’ ಎಂದು ಹೊರಗೆ ಬಂದ. ಕೇಳಿದ್ದು ಅವರ ಗಂಟೇನೂ ಅಲ್ಲ, ಒಂದು ಕೈ. ಅದನ್ನೂ ಕೊಡಲಿಲ್ಲ.

ಮಳೆಗಾಲ ಕಳೆದ ಮೇಲೆ ದೊಡ್ಡ ಗುದ್ದು ಬಂತು. ಗೋಡೆಯ ಭೂಪಟ ಕಳಚಿ ಬಿತ್ತು. ‘ಬರೀರಿ’ ಎಂದು ಬೆತ್ತ ಕುಟ್ಟಿತು. ಜವಾನ ಬಂದಾಗ ನಾನು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ಅವನು ನೋಡಿದ್ದು ನನ್ನ ಪಕ್ಕಕ್ಕೆ.

‘ಚೀಲ ತಗೊಂಡು ಬಾಮ್ಮಾ.’

ಹುಣಸೆಹಣ್ಣು ಕೊಟ್ಟಿದ್ದ ಹುಡುಗಿ ಎದ್ದು ನಿಂತಳು. ಚೀಲದ ಕಡೆ ಕೈ ಚಾಚಿದಳು, ಕೈ ಅಲ್ಲೇ ನಿಂತುಬಿಟ್ಟಿತು. ತರಗತಿಯ ತಲೆಗಳೆಲ್ಲ ಹಲಗೆಯ ಮೇಲೆ ಬಗ್ಗಿದ್ದವು. ಮೇಷ್ಟ್ರೂ ಕಿಟಕಿಯ ಕಡೆ ತಿರುಗಿದ್ದರು. ಅವಳ ಚೀಲವನ್ನು ನಾನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಇನ್ನೊಂದು ಕೈಯಲ್ಲಿ ಅವಳ ಕೈ ಹಿಡಿದೆ.

‘ನಿನ್ನನ್ನು ಕರೆದಿಲ್ಲ, ಕೂತ್ಕೋ!’ ಎಂದರು ಮೇಷ್ಟ್ರು. ಕೂರಲಿಲ್ಲ.

ಜಗಲಿಯ ನಡುವೆ ಅವಳು, ‘ಅಪ್ಪಾವಾ?’ ಎಂದು ಕೇಳಿದಳು. ಏನೂ ಆಗಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳ ತಮಿಳಿನಲ್ಲೇ ‘ತೆರಿಯಾದು, ನಾ ಇರುಕ್ಕೇನ್’ ಎಂದೆ. ಗೊತ್ತಿಲ್ಲ, ನಾನಿದ್ದೀನಿ. ಅವಳ ಚಿಕ್ಕಪ್ಪ ಬಂದು ಎತ್ತಿಕೊಂಡು ಹೋಗುವವರೆಗೂ ಅವಳು ನನ್ನ ಕೈ ಬಿಡಲಿಲ್ಲ. ಅವಳ ಅಪ್ಪ ಸತ್ತಿದ್ದ. ಆ ತಿಂಗಳಲ್ಲೇ ಅವರು ಊರು ಬಿಟ್ಟರು, ಮತ್ತೆ ಅವಳನ್ನು ನಾನು ನೋಡಲಿಲ್ಲ.

ಹೇಳದೆ ಎದ್ದು ಹೋದದ್ದಕ್ಕೆ ತರಗತಿಯಲ್ಲಿ ನನಗೆ ಬೆತ್ತದೇಟು ಬಿತ್ತು, ಅವಳನ್ನು ಹಿಡಿದಿದ್ದ ಕೈಗೇ. ಸಂಜೆ ಬಾಸುಂಡೆಗೆ ಎಣ್ಣೆ ಸವರುತ್ತಾ ಅಪ್ಪ ಏನಾಯಿತೆಂದು ಕೇಳಿದ, ನಾನು ಹೇಳಿದೆ. ಅಮ್ಮನೂ ಒಲೆಯ ಮುಂದಿನಿಂದ ಎದ್ದು ಬಂದು ಪಕ್ಕದಲ್ಲಿ ಕೂತು ಕೇಳಿದಳು. ಓದು ಬಿಡಿಸುವ ಮಾತು ಆಮೇಲೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಚೀಲವನ್ನು ನಾನೇ ಎತ್ತಿಕೊಂಡು ಶಾಲೆಗೆ ಹೋದೆ. ಹೆದರಿಕೆ ಹೋಗಿರಲಿಲ್ಲ, ದಾರಿಯಲ್ಲಿ ವಾಂತಿಯೂ ಆಯಿತು. ಆದರೆ ಜವಾನ ಮತ್ತೆ ಬಂದರೆ ಎದ್ದು ನಿಲ್ಲಲು ತರಗತಿಯಲ್ಲಿ ಒಬ್ಬಳಾದರೂ ಇರಬೇಕಿತ್ತು. ಅಲ್ಲಿದ್ದ ದೊಡ್ಡವರು ಯಾರೂ ಏಳುವವರಾಗಿರಲಿಲ್ಲ.