ಕಸ್ತೂರಿ ಆಂಟಿಯ ಮೊಗ್ಗಿನ ತೋಳು

ಕಸ್ತೂರಿ ಆಂಟಿ ಎದುರಾದವರ ಮುಖವನ್ನು ಮೊದಲು ನೋಡುತ್ತಿರಲಿಲ್ಲ, ಸೆರಗನ್ನು ನೋಡುತ್ತಿದ್ದರು. ಅದನ್ನೂ ನೇರವಾಗಿ ಅಲ್ಲ. ಎರಡು ಬೆರಳಲ್ಲಿ ಹಿಡಿದು, ಮಗುಚಿ, ಒಳಮೈ ನೋಡುತ್ತಿದ್ದರು. ದೇವಸ್ಥಾನದ ಪಾರ್ಕಿಂಗ್ ಲಾಟ್ ಇರಲಿ, ಇಂಡಿಯನ್ ಅಂಗಡಿಯ ಬೇಳೆಯ ಸಾಲಿರಲಿ, ಸಂಕೋಚ ಎಂಬುದೇ ಇರಲಿಲ್ಲ. "ಹೊರಮೈ ಎಲ್ಲಾರದೂ ಚಂದ ಕಾಣತೈತ್ರಿ ಸುಮಾ. ಒಳಮೈ ನೋಡಿದ್ರ ಹೊಲದಾವ್ರ ಗುಣ ಗೊತ್ತಾಗತೈತಿ" ಎಂದು ನನಗೆ ಹೇಳುವರು. ಗುಣ ಸರಿಯಿಲ್ಲದಿದ್ದರೆ ಅಲ್ಲೇ ಕೈಚೀಲದಿಂದ ಸೂಜಿದಾರ ಹೊರಗೆ ಬರುತ್ತಿತ್ತು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೈಸೂರಿನವಳಾದ ನನ್ನ ರೇಷ್ಮೆ ಸೀರೆಯಲ್ಲಿ ತಪ್ಪು ಹುಡುಕಲು ಇವರ್ಯಾರು?

ಅವರು ಗದಗದವರು. ವೇಷಭೂಷಣದ ಚರಿತ್ರೆ ಓದಲೆಂದು ಆಸ್ಟಿನ್‌ಗೆ ಬಂದು, ಓದು ಮುಗಿದ ಮೇಲೆ ಡಲ್ಲಾಸ್‌ನ ಒಂದು ಬ್ಯಾಲೆ ತಂಡದ ಉಡುಪಿನ ಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದರು. ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಒಬ್ಬರೇ ಇದ್ದರು, ಮದುವೆಯಾಗಿರಲಿಲ್ಲ. ನಮ್ಮ ಹೆಂಗಸರು ಅಷ್ಟಕ್ಕೇ ಬಿಡುವವರೇ? ಯಾವ ಮನೆತನ, ತಂದೆ ಏನು ಮಾಡುತ್ತಿದ್ದರು ಎಂದು ಕೆದಕುವರು. "ಗದಗ ಕಡೇರಿ" ಎಂದಷ್ಟೇ ಹೇಳಿ, ಕೇಳಿದವರ ಸೆರಗಿಗೆ ಕೈ ಹಾಕಿಬಿಡುತ್ತಿದ್ದರು. ಮಾತು ಸೀರೆಯತ್ತ ತಿರುಗುತ್ತಿತ್ತು.

ಕನ್ನಡ ಸಂಘದ ಮಕ್ಕಳ ಕುಣಿತಕ್ಕೆಲ್ಲ ಬಟ್ಟೆ ಹೊಲಿಯುತ್ತಿದ್ದವರು ಅವರೇ. ಖಣದ ಬಟ್ಟೆಯಲ್ಲಿ ಅವರೊಂದು ತೋಳು ಕೂಡಿಸುತ್ತಿದ್ದರು. ಹೆಗಲ ಬಳಿ ಸಣ್ಣ ನೆರಿಗೆ, ಅಂಚಿನಲ್ಲಿ ಬಿಗಿಯಾಗಿ ಮುಚ್ಚಿಕೊಂಡು, ನೋಡಲು ಮಲ್ಲಿಗೆ ಮೊಗ್ಗು. ಮಕ್ಕಳ ಮೈಮೇಲೆ ಕಂಡದ್ದೇ ತಾಯಂದಿರಿಗೂ ಬೇಕಾಯಿತು. ಎರಡು ಯುಗಾದಿ ಕಳೆಯುವುದರೊಳಗೆ ಡಲ್ಲಾಸ್ ಸುತ್ತಿನ ಊರುಗಳಲ್ಲಿ, ಪ್ಲೇನೋದಿಂದ ಮರ್ಫಿಯವರೆಗೆ, ಮೊಗ್ಗಿನ ತೋಳಿಲ್ಲದ ಕನ್ನಡದ ಹೆಂಗಸು ಸಿಗುವುದು ಕಷ್ಟವಾಯಿತು.

ಟೆಲಿಕಾಂ ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತಿದ್ದ ವರ್ಷ ಅದು. ಮರ್ಫಿಯ ನಮ್ಮ ಮನೆಯಲ್ಲಿ ಯುಗಾದಿ ಕಾರ್ಯಕ್ರಮಕ್ಕೆ ಮಕ್ಕಳ ಅಳತೆ ತೆಗೆಯುವುದು ನಡೆದಿತ್ತು. ಗೆಳತಿ ಶಾರದಾಳ ಮಗಳು ಮೇಘನಾ ಒಂದು ಮ್ಯಾಗಜೀನಿನ ಚಿತ್ರ ತಂದಿದ್ದಳು. ಹೈಸ್ಕೂಲಿನ ಪ್ರಾಮ್‌ಗೆ, ಅಂದರೆ ವರ್ಷದ ಕೊನೆಯ ನೃತ್ಯಕೂಟಕ್ಕೆ, ಅವಳಿಗೆ ಅಂಥದೇ ಗೌನು ಬೇಕಿತ್ತು: ಬಿಗಿದ ನಡು, ತೆರೆದ ಹೆಗಲು, ಕೆಳಗೆ ಬಲೆಬಟ್ಟೆಯ ಪದರಗಳು.

ಶಾರದಾ ಸಿಡಿದಳು. "ಒಳ್ಳೆ ಕುಣಿಯೋರ ಥರ! ಮರ್ಯಾದಸ್ತರ ಮನೆ ಹುಡುಗಿ ಹಾಕೋ ಬಟ್ಟೆನಾ ಇದು?"

ಆಂಟಿಯ ಕೈಯಲ್ಲಿದ್ದ ಟೇಪು ನಿಂತಿತು.

"ಖರೇನ ಐತ್ರಿ ಶಾರದಾ, ಇದು ಕುಣಿಯಾವ್ರದ ಅಂಗಿ. ಮುತ್ತಜ್ಜಿ ಕಾಲದಾಗ ಪ್ಯಾರಿಸ್‌ನಾಗ ಬ್ಯಾಲೆ ಹುಡಿಗ್ಯಾರು ತೆಳ್ಳಾನ ಬಿಳೇ ಬಟ್ಟಿ ಪದರ ಪದರ ಹಾಕ್ಕೊಂಡು, ನಡಾ ಬಿಗದು, ಹೆಗಲ ತೆರದು ಕುಣೀತಿದ್ರು. ನೋಡಾಕ ಬಂದ ದೊಡ್ಡ ಮನಿ ಹೆಂಗಸ್ರು ದರ್ಜಿ ಕರಸಿ, ನನಗೂ ಅಂಥಾದ್ದ ಹೊಲಿ ಅಂದ್ರು. ಅದನ್ನ ಹಾಕ್ಕೊಂಡು ರಾಜರ ಮನಿ ಊಟಕ್ಕ ಹೋದ್ರು. ತಲಿಗೆ ಹೂವಿನ ದಂಡಿ, ಕಾಲಾಗ ರಿಬ್ಬನ್ ಕಟ್ಟೋ ರೇಷ್ಮಿ ಚಪ್ಪಲಿ, ಎಲ್ಲಾ ಆ ಕುಣಿಯಾಕೀನ್ನ ನೋಡೇ ಕಲತದ್ದು. ಆದ್ರ ಆಕೀನ್ನ ಮಾತ್ರ ಆ ಊಟಕ್ಕ ಯಾರೂ ಕರೀಲಿಲ್ಲ."

"ವೈ ನಾಟ್? ದಟ್ಸ್ ಸೋ ಮೀನ್!" ಎಂದಳು ಮೇಘನಾ.

"ಕುಣಿಯಾಕಿ ಅಂತ, ತಂಗಿ." ಆಂಟಿ ಟೇಪನ್ನು ಕೊರಳಿಗೆ ಹಾಕಿಕೊಂಡರು. "ನಮ್ಮಜ್ಜೀನೂ ಕುಣಿಯಾಕಿನ ಇದ್ಲು. ಸಣ್ಣಾಕಿ ಇದ್ದಾಗ ದೇವರಿಗೆ ಬಿಟ್ಟಿದ್ರು. ಈ ಮೊಗ್ಗಿನ ತೋಳು ಆಕೀದ. ಊರ ಗೌಡರ ವಾಡೇದ ಹೆಂಗಸ್ರು ಆಳಿನ ಕೈಲೆ ಆಕಿ ಕುಪ್ಪಸ ತರಿಸ್ಕೊಂಡು, ನೋಡಿ ಹೊಲಿಸ್ಕೋತಿದ್ರು. ಆಕಿ ಹೋದ್ರ ಹೊರಗ ಕಟ್ಟಿ ಮ್ಯಾಲ ಕೂಡಸಿ, ಬೊಗಸಿಗೆ ಮ್ಯಾಲಿಂದ ನೀರ ಹಾಕ್ತಿದ್ರು."

ಶಾರದಾಳ ಕೈ ತಾನಾಗಿ ತನ್ನ ಮೊಗ್ಗಿನ ತೋಳಿನ ಮೇಲೆ ಹೋಯಿತು. ಕಾಫಿ ಆರಿಹೋಗುತ್ತೆ ಎಂದು ಯಾರೋ ಅಂದರು, ಎಲ್ಲರೂ ಲೋಟಕ್ಕೆ ಕೈ ಹಾಕಿದೆವು.

ಕೆಟ್ಟ ಮಾತು ಯಾರೂ ಆಡಲಿಲ್ಲ, ನಿಜ ಹೇಳಬೇಕು. ಆಡಿದ್ದರೆ ನಾನು ಜಗಳಕ್ಕಾದರೂ ನಿಲ್ಲುತ್ತಿದ್ದೆ. ಈ ಸಲ ಬಟ್ಟೆ ಬೆಂಗಳೂರಿಂದಲೇ ತರಿಸೋಣ, ಟೈಮ್ ಉಳಿಯುತ್ತೆ ಎಂದು ಸಂಘದಿಂದ ಇಮೇಲ್ ಬಂತು. ಆಮೇಲೆ ಆಂಟಿಗೆ ಬರುತ್ತಿದ್ದ ಫೋನುಗಳು ಒಂದೊಂದಾಗಿ ನಿಂತವು. ಶ್ರಾವಣದಲ್ಲಿ ಅವರೇ ನನಗೆ ಫೋನ್ ಮಾಡಿದರು. "ಶಾರದಾ ಮನಿ ವರಮಹಾಲಕ್ಷ್ಮಿ ಅರಿಶಿನ ಕುಂಕುಮಕ್ಕ ಎಷ್ಟೊತ್ತಿಗೆ ಹೋಗೋದ್ರಿ? ಇಮೇಲ್ ನನಗ ಬರಲಿಲ್ಲ. ಅಡ್ರೆಸ್ ತಪ್ಪಿರಬೇಕು. ಎಲ್ಲಾರಿಗೂ ಖಣ ಮಡಚಿ ಇಟ್ಟೀನಿ."

ನಾನು ಶಾರದಾಳನ್ನು ಕೇಳಿದೆ. "ನಂಗೇನೂ ಇಲ್ಲಪ್ಪ. ಅತ್ತೆ ಬಂದಿದಾರೆ ಇಂಡಿಯಾದಿಂದ. ಅವ್ರಿಗೆ ಸರಿಹೋಗಲ್ಲ ಕಣೆ."

"ಅತ್ತೆಗೆ ಹೇಳಿದ್ದು ಯಾರು?"

ಅವಳು ತೊಟ್ಟಿದ್ದ ಮೊಗ್ಗಿನ ತೋಳಿನ ನೆರಿಗೆ ಸರಿಮಾಡಿಕೊಂಡಳು.

"ಹಾಗಾದ್ರೆ ಆ ಬ್ಲೌಸನ್ನೂ ಬಿಚ್ಚಿಡು."

"ಬ್ಲೌಸ್ ಏನ್ ಮಾಡಿತ್ತು, ಪಾಪ!" ಎಂದಳು. ತಮಾಷೆಗಲ್ಲ, ನಿಜವಾಗಿಯೂ ಕೇಳಿದ್ದಳು. ನನಗೆ ಕೋಪಕ್ಕಿಂತ ಹೆಚ್ಚಾಗಿ ಭಯವಾಯಿತು. ಇವಳು ಕೆಟ್ಟವಳಲ್ಲ; ನನ್ನ ಬಾಣಂತನದಲ್ಲಿ ತಿಂಗಳುಗಟ್ಟಲೆ ಸಾರು ಮಾಡಿ ತಂದವಳು.

ಹಬ್ಬದ ಸಂಜೆ ನಾನು ಅವಳ ಮನೆಗೆ ಹೋಗದೆ ರಿಚರ್ಡ್‌ಸನ್‌ಗೆ ಡ್ರೈವ್ ಮಾಡಿದೆ. ಆಂಟಿ ಇಳಕಲ್ ಸೀರೆ ಉಟ್ಟು, ತಲೆಬಾಚಿಕೊಂಡು, ಖಣದ ಚೀಲ ಹಿಡಿದು ಬಾಗಿಲಲ್ಲೇ ಇದ್ದರು. ನನ್ನ ಮುಖ ನೋಡಿದರು.

"ಅಂದ್ರ ಅಡ್ರೆಸ್ ಸರೀನ ಐತಿ" ಎಂದರು.

ಒಳಗೆ ಹೋಗಿ ಮಂಡಕ್ಕಿಯ ಗಿರಮಿಟ್ಟು ಕಲಸಿದರು. ನಾನು ಕುಂಕುಮದ ಭರಣಿ ಎತ್ತಿಕೊಂಡಾಗ ನನ್ನ ಕೈ ತಡೆದರು. "ಬ್ಯಾಡ್ರಿ. ಇವತ್ತು ನೀವು ಕನಿಕರಕ್ಕ ಹಚ್ಚಾಕತ್ತೀರಿ. ಕನಿಕರದ್ದು ನನಗ ಒಗ್ಗೂದಿಲ್ಲ." ನನಗೆ ಅಳು ಬಂತು, ಸ್ವಲ್ಪ ಸಿಟ್ಟೂ ಬಂತು. ಅವರು ಹೇಳಿದ್ದು ಸರಿಯಾಗಿತ್ತು.

ಮುಂದಿನ ವರ್ಷ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿತೆಂದು ಶಿಫ್ಟ್ ಆದರು. ನಾನು ಕೊನೆಯ ಸಲ ಅವರನ್ನು ನೋಡಿದ್ದು ಅಲ್ಲೇ, ಹಲವು ವರ್ಷಗಳ ಮೇಲೆ ಮೇಘನಾಳ ಮದುವೆಗೆ ಹೋದಾಗ. ಆ ಮದುವೆಗೂ ಅವರಿಗೆ ಕರೆಯಿರಲಿಲ್ಲ. ಆರತಕ್ಷತೆಯ ಮರುದಿನ ಅವರ ಮನೆ ಹುಡುಕಿಕೊಂಡು ಹೋದೆ. ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಹೊಲಿಗೆ ಯಂತ್ರದ ಮೇಲೆ ಔಷಧಿ ಬಾಟಲಿಗಳಿದ್ದವು.

"ಮದುಮಗಳು ಏನ ಉಟ್ಟಿದ್ಲು?" ಎಂದು ಕೇಳಿದರು.

"ಬಿಳಿ ನೆಟ್ ಬಟ್ಟೆಯ ಪದರ ಪದರದ ಲೆಹೆಂಗಾ. ಮೇಲೆ ಮೊಗ್ಗಿನ ತೋಳು."

"ಶಾರದಾ?"

"ಅವಳದೂ ಮೊಗ್ಗಿನ ತೋಳೇ. ಅವಳ ಅತ್ತೆಯದೂ."

"ಅತ್ತೀದೂ?" ಆಂಟಿ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು, ನೀರು ಕೊಟ್ಟೆ. ಕುಡಿದು, ಬಾಯೊರೆಸಿಕೊಂಡು ಹೇಳಿದರು: "ಹೋಗ್ಲಿ ಬಿಡ್ರಿ. ನಮ್ಮಜ್ಜಿ ಕುಪ್ಪಸಾದ್ರೂ ಒಳಗ ಹೋತಲ್ಲ."

ಹೊರಡುವಾಗ ಬಾಗಿಲವರೆಗೆ ಬಂದರು. ನಾನು ಬೇಕೆಂದೇ ಸೆರಗಿನ ತುದಿ ಅವರ ಕೈಗೆಟುಕುವಂತೆ ನಿಂತೆ, ಮಗುಚಿ ಒಳಮೈ ನೋಡಲಿ ಎಂದು. ಅವರು ಅದನ್ನು ಮುಟ್ಟಲಿಲ್ಲ.